ಮೊದಲು ನೀರು ನೋಡಿ: ಹಳೆಯ ಮಾರುತಿ 800 ಎಂಜಿನ್ ಕಾಪಾಡಿಕೊಳ್ಳುವ ಬಗೆ

ನಮ್ಮ ಮನೆಯ ಮಾರುತಿ 800 ಅನ್ನು ಅಪ್ಪ 1992ರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಕೊಂಡರು. ಬಿಳಿ ಬಣ್ಣ, ನಾಲ್ಕು ಗೇರು, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ. ಈಗ ಅದು ನನ್ನ ಕೈಯಲ್ಲಿದೆ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದಿನಾ ಶಾಲೆಗೆ ಇದೇ ಕಾರು. ತಿಂಗಳಿಗೊಮ್ಮೆ ಅಕ್ಕನ ಮನೆಗೆ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳಿದು ಹತ್ತುವುದೂ ಇದರಲ್ಲೇ.

ಈ ಎಂಜಿನ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಕಲಿಸಿದ್ದು ನಮ್ಮೂರ ಗ್ಯಾರೇಜಿನ ಮೇಸ್ತ್ರಿ. ಉಳಿದರ್ಧ ಕಲಿಸಿದ್ದು ಎಂಜಿನ್ನೇ. ನಾನು ಏನು ಕೇಳಿಕೊಂಡು ಹೋದರೂ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಒಂದೇ ಮಾತು ಹೇಳುತ್ತಿದ್ದರು: "ಟೀಚರೇ, ಮೊದಲು ನೀರು ನೋಡಿದ್ರಾ?" ಆಗ ಅದು ಬರೀ ಅಭ್ಯಾಸದ ಮಾತು ಅಂದುಕೊಂಡಿದ್ದೆ. ಹಾಗಲ್ಲ ಅನ್ನುವುದು 2011ರ ಮೇ ತಿಂಗಳಲ್ಲಿ ಗೊತ್ತಾಯಿತು. ಅದನ್ನು ಹೇಳುವ ಮೊದಲು ಎಂಜಿನ್ ಪರಿಚಯ ಮಾಡಿಕೊಡುತ್ತೇನೆ.

ಎಂಜಿನ್ ಎಂಥದ್ದು

ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಕೊನೆಯ ಕಾರು ತಯಾರಾದದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷದಲ್ಲಿ 25 ಲಕ್ಷಕ್ಕೂ ಜಾಸ್ತಿ ಕಾರು ಮಾಡಿದರು. ಬಿಡಿ ಭಾಗಗಳು ಇವತ್ತಿಗೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗಲು ಇದೇ ಕಾರಣ.

ಎಂಜಿನ್ ಹೆಸರು ಎಫ್8ಬಿ, ಸುಜುಕಿಯದು. ಮೂರು ಸಿಲಿಂಡರ್, ಒಟ್ಟು 796 ಸಿಸಿ. ಸಿಲಿಂಡರಿನ ಬೋರ್, ಅಂದರೆ ಒಳಗಿನ ಅಗಲ, 68.5 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸ್ಟ್ರೋಕ್ 72 ಮಿಲಿಮೀಟರ್. ನನ್ನ ಮಕ್ಕಳಿಗೆ ಸಿಲಿಂಡರಿನ ಗಾತ್ರದ ಲೆಕ್ಕ ಕಲಿಸುವಾಗ ಇದನ್ನೇ ಕೊಡುತ್ತೇನೆ. ಒಂದೊಂದರಲ್ಲಿ 265 ಸಿಸಿ ಬರುತ್ತದೆ, ಮೂರು ಸೇರಿದರೆ 796. ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣ, ಅದನ್ನು ಮೇಲಿನಿಂದ ಮುಚ್ಚುವ ಹೆಡ್ ಅಲ್ಯೂಮಿನಿಯಂ. ಈ ಎರಡು ಲೋಹಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಬೊರೇಟರ್ ಎಂಜಿನ್ನಿನ ಶಕ್ತಿ ಸುಮಾರು 39 ಬಿಎಚ್‌ಪಿ, ಅದು ಬರುವುದು 5500 ಆರ್‌ಪಿಎಂನಲ್ಲಿ. ಘಾಟಿ ಹತ್ತುವವರಿಗೆ ಅದಕ್ಕಿಂತ ಮುಖ್ಯವಾದ ಅಂಕಿ ಎಳೆತದ್ದು: 59 ನ್ಯೂಟನ್ ಮೀಟರ್, ಅದೂ ಬರೀ 2500 ಆರ್‌ಪಿಎಂಗೇ. ಬೋರ್‌ಗಿಂತ ಸ್ಟ್ರೋಕ್ ಉದ್ದ ಇರುವ ಎಂಜಿನ್ ಕೆಳಗಿನ ವೇಗದಲ್ಲೇ ಚೆನ್ನಾಗಿ ಎಳೆಯುತ್ತದೆ. ಹಾಗಾಗಿ ಏರಿನಲ್ಲಿ ಎಂಜಿನ್ ಕಿರುಚುವ ಹಾಗೆ ಆಕ್ಸಿಲರೇಟರ್ ಒತ್ತಬೇಕಾಗಿಲ್ಲ. ಮೂರನೇ ಗೇರಿನಲ್ಲಿ ಒದ್ದಾಡಿಸುವುದೂ ಬೇಡ. ಎರಡಕ್ಕೆ ಹಾಕಿ, ಹದವಾಗಿ ಒತ್ತಿ, ಅದು ಒಂದೇ ಸಮನೆ ಹತ್ತುತ್ತದೆ. ಕಾರಿನ ತೂಕ ಸುಮಾರು 650 ಕಿಲೋ ಅಷ್ಟೇ. ಐದು ಜನ ದೊಡ್ಡವರು ಲಗೇಜು ಸಮೇತ ಕೂತರೆ ಕಾರಿನ ಅರ್ಧ ತೂಕ ಮೇಲೆ ಬಿದ್ದ ಹಾಗೆ. ಆಗ ಅದರ ಉಸಿರು ಕೇಳಿಸಿಕೊಂಡೇ ಓಡಿಸಬೇಕು.

ಇನ್ನೊಂದು ಮಾತು. ಮೂರು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ, ಸ್ವಲ್ಪ ನಡುಗುತ್ತದೆ. ಅದರ ಹುಟ್ಟುಗುಣ ಅದು, ರೋಗ ಅಲ್ಲ. ಗೇರ್ ಲಿವರ್ ಮೇಲೆ ಕೈ ಇಟ್ಟು ನಿಮ್ಮ ಕಾರಿನ ದಿನನಿತ್ಯದ ನಡುಕ ಎಷ್ಟು ಅಂತ ಗುರುತಿಟ್ಟುಕೊಳ್ಳಿ. ಅದು ಒಂದು ದಿನ ಜಾಸ್ತಿಯಾಯಿತು ಅಂದರೆ ಒಂದೋ ಎಂಜಿನ್ ಮೌಂಟಿನ ರಬ್ಬರ್ ಹೋಗಿದೆ, ಇಲ್ಲವೇ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಘಾಟಿಯಲ್ಲಿ ಆದದ್ದು

ಆ ಮೇ ತಿಂಗಳಲ್ಲಿ ಅಕ್ಕನ ಮನೆಯ ಮದುವೆ ಮುಗಿಸಿ ಅಮ್ಮನನ್ನೂ ಇಬ್ಬರು ಚಿಕ್ಕಮ್ಮಂದಿರನ್ನೂ ಕೂರಿಸಿಕೊಂಡು ಹೊರಟಿದ್ದೆ. ಹೆಬ್ರಿ ತನಕ ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇತ್ತು. ಸೋಮೇಶ್ವರ ದಾಟಿ ಘಾಟಿ ಶುರುವಾಯಿತು. ಹದಿನಾಲ್ಕು ತಿರುವು, ಮುಂದೊಂದು ಬಸ್ಸು, ಅದರ ಹಿಂದೆ ನಡೆಯುವ ವೇಗದಲ್ಲಿ ನಾವು. ಐದನೇ ತಿರುವಿಗೆ ಮುಳ್ಳು ಮೇಲೇರಿತ್ತು. ಮೇಲೆ ಹೋಗಿ ನಿಲ್ಲಿಸೋಣ ಅಂದುಕೊಂಡೆ. ಎಂಟನೇ ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹಬೆ ಬಂತು. ಎಂಜಿನ್ ತಾನಾಗೇ ನಿಂತಿತು.

ಕಾರಣ ಚಿಕ್ಕದು. ರೇಡಿಯೇಟರ್ ಹಿಂದಿನ ಎಲೆಕ್ಟ್ರಿಕ್ ಫ್ಯಾನಿಗೆ ಒಂದು ಥರ್ಮೋ ಸ್ವಿಚ್ ಇದೆ. ನೀರು ಕಾದಾಗ ಅದು ಫ್ಯಾನ್ ಓಡಿಸುತ್ತದೆ. ಆ ಸ್ವಿಚ್ ಸತ್ತಿತ್ತು. ಸಪಾಟು ರಸ್ತೆಯಲ್ಲಿ ಎದುರು ಗಾಳಿಯೇ ರೇಡಿಯೇಟರ್ ತಣ್ಣಗಿಡುತ್ತಿದ್ದರಿಂದ ಅದು ಯಾವತ್ತು ಸತ್ತಿತೋ ನನಗೆ ತಿಳಿಯಲೇ ಇಲ್ಲ. ಅದರಿಂದಾದ ನಷ್ಟ ಮಾತ್ರ ದೊಡ್ಡದು. ಕಬ್ಬಿಣ ಕಾದಾಗ ಹಿಗ್ಗುವುದಕ್ಕಿಂತ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ. ಅತಿಯಾಗಿ ಕಾದಾಗ ಹೆಡ್ ಸೊಟ್ಟಗಾಗಿ, ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಸುಟ್ಟುಹೋಯಿತು. ಹೆಡ್ ಇಳಿಸಿ, ಶಿವಮೊಗ್ಗದ ಲೇತಿನಲ್ಲಿ ಫೇಸಿಂಗ್ ಮಾಡಿಸಿ (ಸೊಟ್ಟಗಾದ ಮುಖ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಕೂರಿಸಿ ಕಾರು ಮನೆಗೆ ಬರಲು ಹನ್ನೊಂದು ದಿನ ಹಿಡಿಯಿತು.

ಈಗ ನಾನು ಮಾಡುವುದು ಹೀಗೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡುತ್ತೇನೆ. ನೀರು ಕತ್ತಿನ ತನಕ ಇರಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿ ನೋಡಿ ಸಮಾಧಾನಪಡಬೇಡಿ. ಕ್ಯಾಪಿನ ರಬ್ಬರ್ ಹೋಗಿದ್ದರೆ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಎಂದೂ ಬಿಚ್ಚಬೇಡಿ. ಒಳಗಿರುವುದು ಕುಕ್ಕರಿನ ಹಾಗೆ ಒತ್ತಡದಲ್ಲಿರುವ ಕುದಿಯುವ ನೀರು, ಮುಖಕ್ಕೇ ಹಾರುತ್ತದೆ.

ತಿಂಗಳಿಗೊಮ್ಮೆ ಫ್ಯಾನ್ ಪರೀಕ್ಷೆ. ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಎಂಜಿನ್ ಓಡಲು ಬಿಡಿ. ಮುಳ್ಳು ಅರ್ಧ ದಾಟುವಷ್ಟರಲ್ಲಿ ಫ್ಯಾನ್ ತಾನಾಗೇ ತಿರುಗಬೇಕು, ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ತಿರುಗದಿದ್ದರೆ ಎಂಜಿನ್ ಆಫ್ ಮಾಡಿ, ಸ್ವಿಚ್ಚಿನ ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿ, ಫ್ಯಾನಿನಿಂದ ಕೈ ದೂರ ಇಟ್ಟು ಕೀ ಆನ್ ಮಾಡಿ. ಫ್ಯಾನ್ ತಿರುಗಿದರೆ ಹೋಗಿರುವುದು ಸ್ವಿಚ್. ಆಗಲೂ ತಿರುಗದಿದ್ದರೆ ಫ್ಯೂಸ್, ವೈರ್ ಅಥವಾ ಫ್ಯಾನಿನ ಮೋಟಾರ್. ದಾರಿಯಲ್ಲಿ ಸಿಕ್ಕಿಬಿದ್ದರೆ ಆ ಎರಡು ವೈರ್ ಹಾಗೇ ಸೇರಿಸಿ ಟೇಪ್ ಸುತ್ತಿ, ಫ್ಯಾನ್ ಪೂರ್ತಿ ಓಡಿಸಿಕೊಂಡೇ ಮನೆ ಸೇರಬಹುದು. ಅಂದು ನನಗೆ ಇಷ್ಟು ಗೊತ್ತಿದ್ದರೆ ಹೆಡ್ ಉಳಿಯುತ್ತಿತ್ತು.

ಎಲ್ಲಿ ಕಾಯುತ್ತದೆ ಅನ್ನುವುದೇ ರೋಗ ಹೇಳುತ್ತದೆ. ನಿಧಾನವಾಗಿ ಹೋಗುವಾಗ, ಟ್ರಾಫಿಕ್ಕಿನಲ್ಲಿ ಮಾತ್ರ ಕಾದರೆ ಫ್ಯಾನ್ ನೋಡಿ. ಜೋರಾಗಿ ಹೋಗುವಾಗ ಕಾದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ತೆರೆಯುತ್ತಿಲ್ಲ. ಎಲ್ಲ ಕಡೆ ಕಾದು, ನೀರೂ ದಿನಾ ಕಡಿಮೆಯಾಗುತ್ತಿದ್ದರೆ ಸೋರುವ ಜಾಗ ಹುಡುಕಿ. ಹೊರಗೆಲ್ಲೂ ಸೋರದೆ ನೀರು ಮಾಯವಾಗುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಸ್ಟಾರ್ಟ್ ಮಾಡಿ ನೋಡಿ. ರೇಡಿಯೇಟರ್ ನೀರಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಅನುಮಾನ ನಿಜ.

ಥರ್ಮೋಸ್ಟಾಟ್ ಬಗ್ಗೆ ನನಗೆ ಒಂದು ಜಗಳ ಇದೆ. ನಮ್ಮ ಕಾರು ಬಿಸಿಯಾದ ಮೇಲೆ ಒಂದು ಗ್ಯಾರೇಜಿನವರು ಅದನ್ನು ತೆಗೆದೇ ಹಾಕಿದ್ದರು. "ನಮ್ಮ ಸೆಕೆಗೆ ಅದು ಬೇಡ" ಅಂದರು. ಆ ವರ್ಷ ಮಲೆನಾಡಿನ ಮಳೆಯಲ್ಲಿ ಎಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಚೋಕ್ ಒಳಗೆ ತಳ್ಳಿದರೆ ನಿಲ್ಲುತ್ತಿತ್ತು, ಲೀಟರಿಗೆ 16 ಕೊಡುತ್ತಿದ್ದದ್ದು 13ಕ್ಕೆ ಇಳಿಯಿತು. ತಣ್ಣಗೆ ಓಡುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಆಯಿಲ್ ಬೇಗ ಕೆಡುತ್ತದೆ. ಥರ್ಮೋಸ್ಟಾಟ್ ಹೋಗಿದ್ದರೆ ಹೊಸದು ಹಾಕಿಸಿ, ತೆಗೆಸಬೇಡಿ.

ರೇಡಿಯೇಟರಿಗೆ ಬಾವಿ ನೀರು, ಬೋರ್‌ವೆಲ್ ನೀರು ಸುರಿಯುವುದು ನಿಲ್ಲಿಸಿ. ಅದರಲ್ಲಿರುವ ಉಪ್ಪು, ಸುಣ್ಣ ಅಲ್ಯೂಮಿನಿಯಂ ಹೆಡ್ಡನ್ನು ಒಳಗಿನಿಂದ ತಿನ್ನುತ್ತದೆ. ಬೆರೆಸಿಯೇ ಮಾರುವ ಕೂಲಂಟ್ ತಂದು ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ದಾರಿಯಲ್ಲಿ ಗತಿಯಿಲ್ಲದಾಗ ಕುಡಿಯುವ ನೀರು ಹಾಕಬಹುದು, ಆದರೆ ಎಂಜಿನ್ ಅರ್ಧ ಗಂಟೆಯಾದರೂ ಆರಿದ ಮೇಲೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಓಡುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿದರೆ "ಚಾರ್ಜಿಂಗ್ ತಾನೆ, ಮನೆಗೆ ಹೋಗಿ ನೋಡೋಣ" ಅನ್ನಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಕಡಿದಿದ್ದರೆ ನೀರು ಓಡಾಡುವುದೂ ನಿಂತಿದೆ ಅಂತ ಅರ್ಥ. ತಕ್ಷಣ ಬದಿಗೆ ಹಾಕಿ ನೋಡಿ. ನಾನು ಡಿಕ್ಕಿಯಲ್ಲಿ ಒಂದು ಬೆಲ್ಟ್ ಯಾವಾಗಲೂ ಇಟ್ಟಿರುತ್ತೇನೆ.

ಮಳೆಗಾಲದ ಬೆಳಗು

ಜುಲೈ ತಿಂಗಳು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಬ್ಯಾಟರಿ ಮುಗಿಯುವ ತನಕ ಸುಮ್ನೆ ಸೆಲ್ಫ್ ಹೊಡೆಯಬೇಡಿ. ಮಲೆನಾಡಿನಲ್ಲಿ ಹತ್ತಕ್ಕೆ ಎಂಟು ಸಲ ಇದು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಭಾಗ) ಕ್ಯಾಪಿನೊಳಗೆ ಕೂತ ತೇವ. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ತೇವದ ಮೇಲೆ ಹರಿದು ಪೋಲಾಗುತ್ತದೆ. ಮುಂದಿನ ಲಾರಿ ಎರಚಿದ ನೀರಿನಿಂದ ನಡುದಾರಿಯಲ್ಲಿ ಮಿಸ್ಸಿಂಗ್ ಬರುವುದೂ, ಅಂದರೆ ಎಂಜಿನ್ ತಡವರಿಸುವುದೂ, ಇದರಿಂದಲೇ.

ಕೀ ಆಫ್ ಮಾಡಿ, ಕ್ಯಾಪ್ ಬಿಚ್ಚಿ. ಪ್ಲಗ್ ವೈರುಗಳನ್ನು ಅದರಿಂದ ಕೀಳಬೇಡಿ. ಕೀಳಲೇಬೇಕಾದರೆ ಗುರುತು ಹಾಕಿಕೊಳ್ಳಿ. ಬೆಂಕಿ ಹೊತ್ತುವ ಕ್ರಮ 1-3-2. ವೈರ್ ಅದಲುಬದಲಾದರೆ ಎಂಜಿನ್ ಕೆಮ್ಮುತ್ತದೆ, ಹತ್ತುವುದಿಲ್ಲ. ಕ್ಯಾಪಿನ ಒಳಗನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ನಾನು ಅದನ್ನು ಬಚ್ಚಲ ಹಂಡೆಯ ಒಲೆಯಿಂದ ಒಂದು ಮೊಳ ದೂರದಲ್ಲಿ ಹತ್ತು ನಿಮಿಷ ಇಡುತ್ತೇನೆ, ಬೆಚ್ಚಗಾದರೆ ಸಾಕು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು ಅಥವಾ ಕರೆಂಟು ಹರಿದ ದಾರಿ. ಆ ಕ್ಯಾಪ್ ಮತ್ತೆ ಕೈಕೊಡುತ್ತದೆ, ಹೊಸದು ತನ್ನಿ.

ಪ್ಲಗ್ ವೈರ್ ಹಳತಾಗಿದೆಯೋ ಇಲ್ಲವೋ ತಿಳಿಯಲು ರಾತ್ರಿ, ದೀಪ ಆರಿಸಿ, ಎಂಜಿನ್ ಓಡುವಾಗ ಬಾನೆಟ್ ಎತ್ತಿ ನೋಡಿ. ಮುಟ್ಟಬೇಡಿ, ನೋಡಿ ಅಷ್ಟೇ. ವೈರಿನ ಮೇಲೆ ನೀಲಿ ಕಿಡಿ ಓಡಾಡಿದರೆ ಮೂರೂ ಬದಲಿಸಿ.

ನಮ್ಮಂಥ ಹಳೆಯ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟನ್ನು ಸೇರಿಸಿ ಕಡಿಯುವ ಪಾಯಿಂಟ್ ಇದೆ. ಆಮೇಲಿನವಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಪಾಯಿಂಟ್ ಇದ್ದರೆ ಅದರ ಗ್ಯಾಪ್ 0.4ರಿಂದ 0.5 ಮಿಲಿಮೀಟರ್ ಇರಬೇಕು, ಪ್ಲಗ್ಗಿನ ಗ್ಯಾಪ್ 0.7ರಿಂದ 0.8. ಈ ಗ್ಯಾಪ್ ಅಳೆಯುವ ಫೀಲರ್ ಗೇಜ್ ಒಂದು ಕೊಂಡಿಟ್ಟುಕೊಳ್ಳಿ, ದೊಡ್ಡ ಖರ್ಚಲ್ಲ. ಪಾಯಿಂಟ್ ಮುಖ ಕರಿಹಿಡಿದಿದ್ದರೆ ಸಣ್ಣ ಅರದಿಂದ ಉಜ್ಜಿದರೆ ಸ್ವಲ್ಪ ದಿನ ಓಡುತ್ತದೆ. ಪದೇ ಪದೇ ಕರಿಹಿಡಿದರೆ ಪಕ್ಕದ ಕಂಡೆನ್ಸರ್ ಬದಲಿಸಿ.

ಮೂರರಲ್ಲಿ ಯಾವ ಸಿಲಿಂಡರ್ ಸತ್ತಿದೆ ಅಂತ ತಿಳಿಯಲು ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪನ್ನು ಒಂದೊಂದಾಗಿ ತೆಗೆದು ಹಾಕುತ್ತಾರೆ. ಯಾವುದನ್ನು ತೆಗೆದರೂ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತದ್ದು. ರಬ್ಬರ್ ಹಿಡಿಕೆಯ ಇಕ್ಕಳದಲ್ಲೇ ಮಾಡಿ, ಬರಿಗೈಯಲ್ಲಿ ಶಾಕ್ ಹೊಡೆಯುತ್ತದೆ. ಎಂಪಿಎಫ್‌ಐ ಕಾರಿನಲ್ಲಿ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಆಮೇಲಿನ ಕಾರು) ಇದನ್ನು ಮಾಡಬೇಡಿ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.

ಕಾರ್ಬೊರೇಟರ್ ಮತ್ತು ಈಗಿನ ಪೆಟ್ರೋಲ್

ತಣ್ಣಗಿನ ಎಂಜಿನ್ನಿಗೆ ಚೋಕ್ ಪೂರ್ತಿ ಎಳೆಯಿರಿ, ಹತ್ತಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಿ. ಎರಡು ಕಿಲೋಮೀಟರ್ ಆದ ಮೇಲೂ ಎಳೆದೇ ಇದ್ದರೆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತದೆ. ನಾಬ್ ಒಳಗೆ ಹೋದರೂ ಕೇಬಲ್ ಅಂಟಿಕೊಂಡು ಚೋಕ್ ಅರ್ಧ ಮುಚ್ಚಿಯೇ ಇರುವುದುಂಟು. ಕಪ್ಪು ಹೊಗೆ, ಮಸಿಹಿಡಿದ ಪ್ಲಗ್, ಇಳಿದ ಮೈಲೇಜ್ ಅದರ ಗುರುತು. ಏರ್ ಫಿಲ್ಟರ್ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ವಾಸನೆ ಗಾಢವಾಗಿ ಬಂದರೆ ಓವರ್‌ಫ್ಲೋ ಆಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ. ನಮ್ಮ ಕಾರು ಹುಟ್ಟಿದಾಗ ಇದು ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಬಿಡಿಸಿ ಕಾರ್ಬೊರೇಟರಿಗೆ ತರುತ್ತದೆ. ನನ್ನ ಕಾರಿನಲ್ಲಿ ಪೆಟ್ರೋಲ್ ಪೈಪು ಬೆರಳಲ್ಲಿ ಒತ್ತಿದರೆ ಜೆಲ್ಲಿಯಂತೆ ಆಗಿತ್ತು, ಜಾಯಿಂಟಿನಲ್ಲಿ ಪೆಟ್ರೋಲ್ ಜಿನುಗುತ್ತಿತ್ತು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿ ಹತ್ತಬಹುದು. ಅದಕ್ಕೇ ಹೇಳುತ್ತೇನೆ, ಎಥನಾಲ್ ತಡೆಯುವ ಹೊಸ ಪೈಪುಗಳನ್ನು ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಒಂದೇ ಸಲ ಹಾಕಿಸಿ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಕೂಡ ನೋಡಿಸಿ. ಅದು ಹರಿದರೆ ಪೆಟ್ರೋಲ್ ನೇರ ಆಯಿಲಿಗೆ ಸೇರಬಹುದು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಮೂಸಿ ನೋಡಿದರೆ ತಿಳಿಯುತ್ತದೆ. ಪೆಟ್ರೋಲ್ ಫಿಲ್ಟರನ್ನು ನಾನು 5000 ಕಿಲೋಮೀಟರಿಗೊಮ್ಮೆ ಬದಲಿಸುತ್ತೇನೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಎಂಜಿನ್ ಬಿಸಿಯಾಗುವಷ್ಟು ಓಡಿಸಿ.

ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಒಂದು ಕಿಲೋಮೀಟರ್ ಇಳಿದರೆ ಟ್ಯೂನಿಂಗ್ ಅಂತ ಓಡಬೇಡಿ. ನಾಲ್ಕು ಇಳಿದರೆ ಓಡಿ.

ಆಯಿಲ್ ಮತ್ತು ಹೊಗೆ

ನಮ್ಮ ಕಾರಿಗೆ 20ಡಬ್ಲ್ಯು-40 ಆಯಿಲ್ ಸಾಕು. 5000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ, ಫಿಲ್ಟರ್ ಸಮೇತ. ಮೂರು ಲೀಟರ್ ಕ್ಯಾನ್ ತಂದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿಸಬೇಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ಗಾಬರಿ ಬೇಡ. ಏರಿನಲ್ಲಿ ಎಳೆಯುವಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಎಂಜಿನ್ ಬೋರಿಗೆ (ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಬಂದಿದೆ. ಆಗಲೂ ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ, ನೋಡಿಸಿ. ಮೂರು ಸಿಲಿಂಡರಿನ ನಡುವೆ ಒಂದು ಕೆಜಿಗಿಂತ (ಚದರ ಸೆಂಟಿಮೀಟರಿಗೆ) ಜಾಸ್ತಿ ವ್ಯತ್ಯಾಸ ಬಂದರೆ ಕಡಿಮೆ ಇರುವುದಕ್ಕೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಬರೀ ಹೆಡ್ ಕೆಲಸದಲ್ಲಿ ಮುಗಿಯುವುದಕ್ಕೆ ಪೂರ್ತಿ ಎಂಜಿನ್ ಬಿಚ್ಚಿಸಿದವರನ್ನು ನೋಡಿದ್ದೇನೆ. ಈ ಒಂದು ಪರೀಕ್ಷೆ ಅಷ್ಟು ದುಡ್ಡು ಉಳಿಸುತ್ತದೆ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಗ್ಯಾಸ್ಕೆಟ್ ಹೋಯಿತು ಅಂತ ಹೇಳುತ್ತಾರೆ. ಮಳೆಗಾಲದಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವದಿಂದಲೇ ಅದು ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿಯೂ ಆಯಿಲ್ ಬೆಳ್ಳಗಿದೆಯಾ ನೋಡಿ. ಅಲ್ಲಿ ಸ್ವಚ್ಛ ಇದ್ದು, ರೇಡಿಯೇಟರ್ ನೀರೂ ಇಳಿಯದಿದ್ದರೆ ಒಂದು ಸಲ ಕಾರನ್ನು ಶಿವಮೊಗ್ಗಕ್ಕೆ ಓಡಿಸಿಕೊಂಡು ಬನ್ನಿ, ಕೆನೆ ಹೋಗಿರುತ್ತದೆ.

ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಟೈಮಿಂಗ್ ಬೆಲ್ಟ್ ಹೊರಗೆ ಕಾಣುವುದಿಲ್ಲ, ಸದ್ದೂ ಮಾಡುವುದಿಲ್ಲ. ಹೋಗುವಾಗ ಹೇಳದೆ ಹೋಗುತ್ತದೆ. ಕೊನೆಯ ಸಲ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಈ ತಿಂಗಳೇ ಹಾಕಿಸಿ. ನಾನು 60 ಸಾವಿರ ಕಿಲೋಮೀಟರ್ ಅಥವಾ ಐದು ವರ್ಷ ಅಂತ ಇಟ್ಟುಕೊಂಡಿದ್ದೇನೆ. ತಾರೀಖು ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ. ಅದೇ ಕೆಲಸದಲ್ಲಿ ಬೆಲ್ಟಿನ ಹಿಂದಿರುವ ಆಯಿಲ್ ಸೀಲೂ ಬದಲಿಸಿ. ಆಯಿಲ್ ತಾಗಿದ ಬೆಲ್ಟ್ ಬಾಳುವುದಿಲ್ಲ.

ಎಂಪಿಎಫ್‌ಐ ಕಾರು ಇರುವವರಿಗೆ ಚೋಕು, ಪಾಯಿಂಟು ಯಾವುದರ ಚಿಂತೆಯೂ ಇಲ್ಲ. ನೀರು, ಬೆಲ್ಟು, ಆಯಿಲ್ ಮಾತ್ರ ಅದೇ. ಐಡ್ಲಿಂಗ್ ಏರಿಳಿದರೆ ಮೊದಲು ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ. ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರುವಂಥದ್ದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿಕೊಂಡು ಓಡಿಸಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋಗುವವರು ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ನೀರಿನ ಮೇಲೆ ಆಯಿಲ್ ಜಿಡ್ಡು ತೇಲುತ್ತಿದ್ದರೆ ಕ್ಯಾಪ್ ಮುಚ್ಚಿ, ಕಾಫಿ ಕುಡಿದು ಮನೆಗೆ ಬನ್ನಿ.